ಗಡಿ ನೋಡಿದ್ದು ಸಾಕು, ಭೂಮಿಯನ್ನೂ ನೋಡೋಣ

ಬದುವಿನ ತಕರಾರು ಬಂದರೆ ನಮ್ಮ ಹಳ್ಳಿಗಳಲ್ಲಿ ಈಗ ಮೊದಲು ಹೊರಗೆ ಬರುವುದು ಮೊಬೈಲು. ‘ದಿಶಾಂಕ್ ತೆಗಿ ಮಗ, ನಮ್ಮ ಸರ್ವೆ ನಂಬರ್ ಎಲ್ಲಿಗಂಟ ಐತೆ ನೋಡು’ ಎಂದು ವಯಸ್ಸಾದವರೂ ಕೇಳುತ್ತಾರೆ. ಪರದೆಯ ಮೇಲೆ ಉಪಗ್ರಹ ತೆಗೆದ ಚಿತ್ರ, ಅದರ ಮೇಲೆ ಜಮೀನಿನ ಗೆರೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ, ಎಲ್ಲಿ ಹೋದರೂ ಇದೇ ದೃಶ್ಯ. ಗೆರೆ ಎಲ್ಲಿದೆ ಎಂದು ನೋಡಿದ ಮೇಲೆ ಮೊಬೈಲು ಜೇಬಿಗೆ ಹೋಗುತ್ತದೆ. ಗೆರೆಯ ಒಳಗಿನ ಹಸಿರು, ಕಂದು, ಕಪ್ಪು ಬಣ್ಣಗಳು ಏನು ಹೇಳುತ್ತಿವೆ ಎಂದು ಯಾರೂ ಕೇಳುವುದಿಲ್ಲ. ಶಾಲೆಯೂ ಹೇಳಿಕೊಡುವುದಿಲ್ಲ.

ಅದನ್ನು ಹೇಳಿಕೊಡಬೇಕು, ಕನ್ನಡದಲ್ಲಿ, ನಮ್ಮದೇ ತಾಲ್ಲೂಕಿನ ಚಿತ್ರ ಇಟ್ಟುಕೊಂಡು ಹೇಳಿಕೊಡಬೇಕು ಎಂಬುದು ನನ್ನ ವಾದ. ಏಕೆಂದರೆ ನಮ್ಮ ಹೊಲದ ಬಗ್ಗೆ ತೀರ್ಮಾನ ಮಾಡುವವರು ಆಗಲೇ ಈ ಚಿತ್ರಗಳನ್ನು ಓದುತ್ತಿದ್ದಾರೆ. ಒಂದು ತಾಲ್ಲೂಕು ಬರಪೀಡಿತವೋ ಅಲ್ಲವೋ ಎಂದು ನಿರ್ಧರಿಸಲು ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿ ಹೇಳುವ ಮಾನದಂಡಗಳಲ್ಲಿ ಮಳೆ, ಬಿತ್ತನೆ, ಮಣ್ಣಿನ ತೇವಾಂಶದ ಜೊತೆಗೆ ಉಪಗ್ರಹದಿಂದ ಅಳೆಯುವ ಸಸ್ಯ ಸೂಚ್ಯಂಕವೂ ಇದೆ. ಆರೋಗ್ಯವಾಗಿರುವ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೆಚ್ಚಾಗಿ ಹಿಂದಕ್ಕೆ ಕಳಿಸುತ್ತದೆ. ಈ ಎರಡರ ವ್ಯತ್ಯಾಸ ನೋಡಿ ಪೈರು ಹೇಗಿದೆ ಎಂದು ಲೆಕ್ಕ ಹಾಕುತ್ತಾರೆ. ವಿಜ್ಞಾನದಲ್ಲಿ ತಪ್ಪಿಲ್ಲ. ಆದರೆ ರಾಗಿ ಒಣಗಿ ಕಳೆ ಎದ್ದ ಹೊಲವೂ ಮೇಲಿನಿಂದ ಹಸಿರಾಗಿಯೇ ಕಾಣಬಹುದು. ‘ಸ್ವಾಮಿ, ಅದು ಬೆಳೆಯಲ್ಲ, ಕಳೆ’ ಎಂದು ಅದೇ ಚಿತ್ರ ತೋರಿಸಿ ಹೇಳಬಲ್ಲ ಮಗನೋ ಮಗಳೋ ಆ ರೈತನ ಮನೆಯಲ್ಲಿ ಇರಬೇಡವೇ?

ನಾನೂ ಒಂದು ಹಂಗಾಮಿನಲ್ಲಿ ಬೆಳೆ ಸಮೀಕ್ಷೆಗೆ ಖಾಸಗಿ ನಿವಾಸಿಯಾಗಿ ಓಡಾಡಿದ್ದೇನೆ. ಒಂದೊಂದೇ ಸರ್ವೆ ನಂಬರಿಗೆ ಹೋಗಿ, ಆ್ಯಪ್‌ನಲ್ಲಿ ಬೆಳೆ ನಮೂದಿಸಿ, ಫೋಟೊ ಹಾಕುವ ಕೆಲಸ. ಹಳ್ಳಿಹಳ್ಳಿಯಲ್ಲೂ ಓದುವ ಹುಡುಗರು, ಓದು ಮುಗಿಸಿ ಕೆಲಸ ಹುಡುಕುತ್ತಿರುವವರು ಇದನ್ನು ಮಾಡುತ್ತಾರೆ. ನೆಲದ ಮೇಲೆ ನಿಂತು ನಾವು ಕೊಡುವ ಸಾಕ್ಷಿಯೂ ಆಕಾಶದಿಂದ ಬರುವ ಚಿತ್ರವೂ ಸೇರಿದರೆ ಲೆಕ್ಕ ಪೂರ್ತಿ. ಅರ್ಧ ಕೆಲಸ ನಾವು ಮಾಡುತ್ತಲೇ ಇದ್ದೇವೆ. ಇನ್ನರ್ಧದ ಪಾಠ ಮಾತ್ರ ಯಾರೂ ಮಾಡಿಲ್ಲ.

ಎಸ್ಸೆಸ್ಸೆಲ್ಸಿಯವರೆಗೆ ಭೂಗೋಳ ಎಂದರೆ ನಮಗೆ ಭಾರತದ ನಕ್ಷೆ ಬರೆದು ನದಿ, ಬಂದರು ಗುರುತಿಸಿ ಅಂಕ ತೆಗೆಯುವುದು. ಜಲಾನಯನ ಪ್ರದೇಶದ ವ್ಯಾಖ್ಯೆ ಬಾಯಿಪಾಠ ಇರುತ್ತದೆ. ಹುಣಸೂರಿನ ನಡುವೆ ಹರಿಯುವ ಲಕ್ಷ್ಮಣತೀರ್ಥಕ್ಕೆ ಎಲ್ಲೆಲ್ಲಿಯ ನೀರು ಬಂದು ಸೇರುತ್ತದೆ ಎಂದರೆ ತಲೆ ಕೆರೆದುಕೊಳ್ಳುತ್ತೇವೆ.

ವಿಚಿತ್ರವೆಂದರೆ ಈ ಪಾಠಕ್ಕೆ ನಮ್ಮಷ್ಟು ಅನುಕೂಲದ ಜಾಗ ಸಿಗುವುದು ಕಷ್ಟ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹ ಒಂದು ಚಿತ್ರದಲ್ಲಿ ಸುಮಾರು 185 ಕಿ.ಮೀ. ಅಗಲದ ನೆಲ ಹಿಡಿಯುತ್ತದೆ. ಅಷ್ಟಗಲದಲ್ಲಿ ನಮ್ಮ ನಾಲ್ಕೂ ತಾಲ್ಲೂಕುಗಳು ಆರಾಮಾಗಿ ಕೂರುತ್ತವೆ. ಕಾಡು, ನದಿ, ಅಣೆಕಟ್ಟೆ, ನಾಲೆ ಬಯಲು, ಮಳೆಯಾಶ್ರಿತ ಹೊಲ ಎಲ್ಲವೂ ಒಂದೇ ಹಾಳೆಯಲ್ಲಿ.

ಮಾರ್ಚ್ ತಿಂಗಳ ಚಿತ್ರ ತೆಗೆದುಕೊಳ್ಳಿ. ನಾಗರಹೊಳೆಯ ಕಾಡು ಎಲೆ ಉದುರಿಸಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಎಲೆ ಉದುರುವ ಕಾಡು ಎಂದರೇನು ಎಂದು ಪುಸ್ತಕ ಒಂದು ಪುಟದಲ್ಲಿ ಹೇಳುವುದನ್ನು ಈ ಬಣ್ಣ ಒಂದೇ ನೋಟಕ್ಕೆ ಹೇಳುತ್ತದೆ. ಎಚ್.ಡಿ.ಕೋಟೆಯ ಕಬಿನಿ ಹಿನ್ನೀರು ಆ ಹೊತ್ತಿಗೆ ಇಳಿಯುತ್ತಾ ಬಂದಿರುತ್ತದೆ. ನೀರು ಬಿಟ್ಟುಕೊಟ್ಟ ನೆಲದಲ್ಲಿ ಹುಲ್ಲು ಚಿಗುರಿ, ಒಣಗಿದ ಕಾಡಿನ ಅಂಚಿಗೆ ಹಸಿರು ಪಟ್ಟಿ ಕಟ್ಟುತ್ತದೆ. ಬೇಸಿಗೆಯಲ್ಲಿ ಆನೆಗಳು ಅಲ್ಲೇ ಏಕೆ ಸೇರುತ್ತವೆ ಎಂದು ಕೇಳುವ ಮಗುವಿಗೆ ಆ ಪಟ್ಟಿ ತೋರಿಸಿದರೆ ಸಾಕು.

ಆಗಸ್ಟ್‌ನಲ್ಲಿ ಕಥೆಯೇ ಬೇರೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಎಲೆ ಬಿಡಿಸಿ ಬ್ಯಾರನ್‌ಗೆ ಏರಿಸುವ ಕಾಲ. ಕೆ.ಆರ್.ನಗರದ ನಾಲೆ ಬಯಲಿನಲ್ಲಿ ಆಗಷ್ಟೇ ಭತ್ತದ ನಾಟಿ. ನೀರು ನಿಲ್ಲಿಸಿದ ಗದ್ದೆಗಳು ಮೇಲಿನಿಂದ ಕಪ್ಪಾಗಿ ಕಾಣುತ್ತವೆ. ಅಕ್ಕಪಕ್ಕದ ತಾಲ್ಲೂಕುಗಳ ಋತುಚಕ್ರ ಹೀಗೆ ಬೇರೆಯಾಗಲು ನೀರು ಕಾರಣವೋ, ಮಣ್ಣು ಕಾರಣವೋ, ಮಾರುಕಟ್ಟೆ ಕಾರಣವೋ? ಹೈಸ್ಕೂಲು ಮಕ್ಕಳು ಒಂದು ಪೀರಿಯಡ್ ಪೂರ್ತಿ ಚರ್ಚಿಸಬಹುದಾದ ಪ್ರಶ್ನೆ ಇದು.

ಕೆ.ಆರ್.ಎಸ್. ಹಿನ್ನೀರು ಕೆ.ಆರ್.ನಗರ ತಾಲ್ಲೂಕಿನವರೆಗೂ ಚಾಚುತ್ತದೆ. ಮಳೆ ಕೈಕೊಟ್ಟ 2023ರಲ್ಲಿ ಆ ಜಲಾಶಯ ತುಂಬಲಿಲ್ಲ. 2024ರ ಜುಲೈನಲ್ಲಿ 124.80 ಅಡಿ ಮುಟ್ಟಿತು. 2025ರಲ್ಲಿ ಜೂನ್‌ನಲ್ಲೇ ತುಂಬಿತು. ಮೂರು ವರ್ಷದ ಮೂರು ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ‘ಮುಂಗಾರಿನ ಅನಿಶ್ಚಿತತೆ’ ಎಂಬ ಪಠ್ಯದ ಮಾತಿಗೆ ಜೀವ ಬರುತ್ತದೆ.

ಇನ್ನು ವಯನಾಡು. ಅಲ್ಲಿ ಮಳೆ ಜೋರಾದರೆ ಎಚ್.ಡಿ.ಕೋಟೆಯವರು ಕಬಿನಿಯ ಕಡೆ ನೋಡುತ್ತಾರೆ. ಕೇರಳದ 44 ನದಿಗಳಲ್ಲಿ ಪೂರ್ವಕ್ಕೆ ಹರಿಯುವ ಮೂರರಲ್ಲಿ ಕಬಿನಿಯೂ ಒಂದು. 2024ರ ಜುಲೈ 30ರಂದು ಅದೇ ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದಾಗ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಉಪಗ್ರಹ ಚಿತ್ರಗಳನ್ನು ಬಿಡುಗಡೆ ಮಾಡಿತು. ಮಣ್ಣು, ಬಂಡೆಗಳು ಸುಮಾರು 8 ಕಿ.ಮೀ. ಹರಿದುಹೋದ ದಾರಿ ಅದರಲ್ಲಿ ಕಾಣುತ್ತದೆ. ಆ ಕೆಸರು ಕಬಿನಿಗೆ ಬರಲಿಲ್ಲ. ಪಶ್ಚಿಮಕ್ಕೆ ಹರಿಯುವ ಚಾಲಿಯಾರ್ ಸೇರಿತು. ಒಂದೇ ಜಿಲ್ಲೆಯ ಒಂದು ಇಳಿಜಾರಿನ ನೀರು ನಮ್ಮ ಕಡೆಗೆ, ಇನ್ನೊಂದರದ್ದು ಅರಬ್ಬಿ ಸಮುದ್ರಕ್ಕೆ. ಜಲವಿಭಜಕ ಎಂಬ ಒಣ ಪದದಲ್ಲಿ ಜನರ ಜೀವ ಇದೆ ಎಂದು ಆ ಚಿತ್ರ ನೋಡಿದವರು ಮರೆಯಲಾರರು.

ಇಷ್ಟಕ್ಕೆಲ್ಲ ದುಡ್ಡೆಷ್ಟು? ಚಿತ್ರಗಳಿಗಂತೂ ಒಂದು ಪೈಸೆಯೂ ಇಲ್ಲ. 1972ರಿಂದ ಇಲ್ಲಿಯವರೆಗಿನ ಲ್ಯಾಂಡ್‌ಸ್ಯಾಟ್ ಭಂಡಾರ 2008ರಿಂದ ಎಲ್ಲರಿಗೂ ಉಚಿತ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರವೂ ಉಚಿತ. ಐದು ದಿನಕ್ಕೊಮ್ಮೆ ನಮ್ಮ ಮೇಲೆ ಹಾದು ಹೋಗುತ್ತವೆ. ಅದರ ಒಂದು ಚುಕ್ಕೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಒಂದು ಎಕರೆ ಹೊಲ ನಲವತ್ತು ಚುಕ್ಕೆ! ಹಳ್ಳಿ ಮಕ್ಕಳಿಗೆ ಇದಕ್ಕಿಂತ ಸುಲಭದ ಲೆಕ್ಕ ಬೇಕೆ? ಇಸ್ರೊದ ‘ಭುವನ್’ 2009ರಿಂದಲೇ ಇದೆ. ಎನ್‌ಸಿಇಆರ್‌ಟಿ ಪಠ್ಯಕ್ಕೆ ಹೊಂದುವ ‘ಸ್ಕೂಲ್ ಭುವನ್’ ಕೂಡ ಇದೆ. ಒಂದೇ ಜಾಗ 1984ರಿಂದ ವರ್ಷವರ್ಷ ಹೇಗೆ ಬದಲಾಯಿತೆಂದು ಗೂಗಲ್ ಅರ್ಥ್‌ನ ಟೈಮ್‌ಲ್ಯಾಪ್ಸ್ ಸಿನಿಮಾದಂತೆ ಓಡಿಸಿ ತೋರಿಸುತ್ತದೆ.

ಕೊರತೆ ಇರುವುದು ಕನ್ನಡದ ವಿವರಣೆಗೆ. ಹಾಗೆಂದು ಕನ್ನಡಕ್ಕೂ ಉಪಗ್ರಹಕ್ಕೂ ಹೊಸ ನಂಟೇನಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಇಸ್ರೊ ನಡೆಸಿದ ‘ಸೈಟ್’ ಪ್ರಯೋಗದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಉಪಗ್ರಹದ ಮೂಲಕ ಟಿ.ವಿ. ಪಾಠ ಬಂದಿತ್ತು. 2004ರಲ್ಲಿ ಹಾರಿದ ಎಜುಸ್ಯಾಟ್ ನಮ್ಮ ಪಕ್ಕದ ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ ಪಾಠ ತಲುಪಿಸಿತು. ಆಗ ಉಪಗ್ರಹ ಅಂಚೆಯಣ್ಣನಾಗಿತ್ತು, ಮೇಲಿನಿಂದ ಪಾಠ ತಂದುಕೊಟ್ಟಿತು. ಈಗ ಅದನ್ನು ಕಣ್ಣಾಗಿ ಬಳಸುವ ಸರದಿ.

ಆಕ್ಷೇಪಗಳು ನನಗೆ ಗೊತ್ತು. ನೆಟ್‌ವರ್ಕ್ ಸಿಗುವುದಿಲ್ಲ ಎನ್ನುತ್ತಾರೆ. ಸಿಗುವಲ್ಲಿ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಒಯ್ಯಬಹುದು. ಕರೆಂಟೂ ಇಲ್ಲದಿದ್ದರೆ ಕಲರ್ ಪ್ರಿಂಟ್ ಗೋಡೆಗೆ ಅಂಟಿಸಬಹುದು. ಮಳೆಗಾಲದಲ್ಲಿ ಬರೀ ಮೋಡ ಕಾಣುತ್ತದೆ ಎನ್ನುತ್ತಾರೆ. ನಿಜ, ಆದರೆ ರೇಡಾರ್ ಉಪಗ್ರಹಗಳು ಮೋಡ ತೂರಿ ನೋಡುತ್ತವೆ. ಇಸ್ರೊ ಮತ್ತು ನಾಸಾ ಕೂಡಿ ಮಾಡಿದ ನಿಸಾರ್ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ್ದು ಅಂಥದ್ದೇ. ಪರದೆ ನೋಡಿ ಮಕ್ಕಳು ನೆಲ ಮರೆಯುತ್ತಾರೆ ಎಂಬ ಮಾತನ್ನು ಮಾತ್ರ ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಉಪಗ್ರಹಕ್ಕೆ ಬಣ್ಣ ಕಾಣುತ್ತದೆ, ಹೆಸರು ಕಾಣುವುದಿಲ್ಲ. ಚಿತ್ರದ ಒಂದು ಹಸಿರು ಮಚ್ಚೆ ಯಾವ ಮರದ್ದು, ಅಲ್ಲಿ ಮೊದಲು ಏನಿತ್ತು ಎಂದು ಹೇಳಬಲ್ಲವರು ಹಾಡಿಯ ಜೇನುಕುರುಬ, ಬೆಟ್ಟಕುರುಬ ಹಿರಿಯರು. ಅವರ ಮಕ್ಕಳು ತರಗತಿಯಲ್ಲಿ ಹಿಂದಿನ ಬೆಂಚು ಬಿಟ್ಟು ಮುಂದೆ ಬಂದು ಪಾಠ ಹೇಳುವ ಅಪರೂಪದ ಅವಕಾಶ ಇದು. ಹಾಗಾಗಿ ಚಿತ್ರ ನೋಡಿದ ಮಾರನೇ ದಿನ ಅದೇ ಜಾಗಕ್ಕೆ ನಡೆದು ಹೋಗುವುದೂ ಪಾಠದ ಭಾಗವಾಗಬೇಕು.

ಇದನ್ನು ಯಾರು ಮಾಡಬೇಕು? ಇಲಾಖೆಯ ಸುತ್ತೋಲೆಗೆ ಕಾಯುವುದಾದರೆ ಕಾಯುತ್ತಲೇ ಇರಬೇಕಾದೀತು. ನಾಲ್ಕೂ ಪಟ್ಟಣಗಳಲ್ಲಿ ಪದವಿ ಕಾಲೇಜುಗಳಿವೆ. ಒಂದೊಂದು ಕಾಲೇಜಿನ ಭೂಗೋಳ, ವಿಜ್ಞಾನ, ಪತ್ರಿಕೋದ್ಯಮ ವಿದ್ಯಾರ್ಥಿಗಳು ಸೇರಿ ತಮ್ಮ ತಾಲ್ಲೂಕಿನ ಕೆರೆ, ನದಿ, ಕಾಡು, ಹೊಲದ ಬಗ್ಗೆ ಮೂರು ಮೂರು ನಿಮಿಷದ ನಾಲ್ಕು ವಿಡಿಯೊ ಮಾಡಲಿ. ಚಿತ್ರ ಉಚಿತ, ಜೋಡಿಸಲು ಬೇಕಾದ ಕ್ಯೂಜಿಐಎಸ್ ತಂತ್ರಾಂಶ ಉಚಿತ, ದನಿ ನಮ್ಮದೇ. ರೀಲ್ಸ್ ಮಾಡಲು ಬರುವವರಿಗೆ ಇದು ದೊಡ್ಡ ಕೆಲಸವಲ್ಲ. ಚಿತ್ರ ಎಲ್ಲಿಯದು, ಯಾವ ದಿನಾಂಕದ್ದು ಎಂದು ಪ್ರತಿಯೊಂದರ ಮೇಲೂ ಬರೆದರೆ ಆಯಿತು. ಹದಿನಾರು ವಿಡಿಯೊ ಹತ್ತಿರದ ಹೈಸ್ಕೂಲುಗಳಿಗೆ ಹೋದರೆ ತಿಂಗಳಿಗೊಂದು ಪೀರಿಯಡ್ ಸಾಕು.

ಕೆಲಸ ಹುಡುಕುವ ಗೆಳೆಯರಿಗೂ ಒಂದು ಮಾತು. ಡೆಹ್ರಾಡೂನಿನ ಭಾರತೀಯ ದೂರಸಂವೇದಿ ಸಂಸ್ಥೆ ಆನ್‌ಲೈನ್‌ನಲ್ಲಿ ಉಚಿತ ಕೋರ್ಸ್ ನಡೆಸಿ ಪ್ರಮಾಣಪತ್ರ ಕೊಡುತ್ತದೆ. ಅದೊಂದರಿಂದ ನೌಕರಿ ಸಿಗುತ್ತದೆ ಎಂದು ನಾನು ಹೇಳಲಾರೆ. ಆದರೆ ಬೆಳೆ ವಿಮೆ, ಭೂಮಾಪನ, ಅರಣ್ಯ, ನೀರಾವರಿ ಎಲ್ಲ ಕಡೆಯೂ ನಕ್ಷೆ ಓದಬಲ್ಲವರು ಬೇಕು. ಆ ಕುರ್ಚಿಯಲ್ಲಿ ಹೊಗೆಸೊಪ್ಪಿನ ಹೊಲವನ್ನೂ ಭತ್ತದ ಗದ್ದೆಯನ್ನೂ ಕಂಡವರೇ ಕೂತರೆ ಚಿತ್ರಕ್ಕೂ ನೆಲಕ್ಕೂ ಇರುವ ಅಂತರ ಕಡಿಮೆಯಾದೀತು.

ಮುಂಗಾರಿಗೆ ಮುಂಚೆ ಒಂದು, ಸುಗ್ಗಿ ಮುಗಿದ ಮೇಲೆ ಒಂದು. ನಿಮ್ಮ ತಾಲ್ಲೂಕಿನ ಎರಡು ಚಿತ್ರ ಇಳಿಸಿಕೊಂಡು ಮನೆಯ ಹಿರಿಯರ ಮುಂದೆ ಇಡಿ. ಪ್ರಶ್ನೆಗಳು ತಾವಾಗೇ ಬರುತ್ತವೆ. ಅವನ್ನು ಬರೆದಿಟ್ಟುಕೊಂಡರೆ ಮೊದಲ ವಿಡಿಯೊಗೆ ಬೇಕಾದ ಸಾಹಿತ್ಯ ಸಿದ್ಧ.