ಲಲಿತಮ್ಮ ತೀರಿಸಿದ ಸಾಲ

ಆಲಮಟ್ಟಿ ಜಲಾಶಯದ ಹೆಸರೇನು? ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರ ಅಂತ ನಿಡಗುಂದಿ ಬಸ್ಸಿನಲ್ಲಿ ಕೂತ ಹುಡುಗನೂ ಹೇಳಿಬಿಡುತ್ತಾನೆ. ಶಾಸ್ತ್ರಿಯವರ ಹೆಂಡತಿಯ ಹೆಸರು ಹೇಳಿ ನೋಡೋಣ? ಕಂಡಕ್ಟರನೂ ಸುಮ್ಮನಾಗುತ್ತಾನೆ.

ಆಕೆ ಲಲಿತಾ ದೇವಿ. ಹುಟ್ಟಿದ್ದು 1910ರಲ್ಲಿ, ಮಿರ್ಜಾಪುರದಲ್ಲಿ. 1928ರಲ್ಲಿ ಮದುವೆ. ಅಳಿಯ ತೆಗೆದುಕೊಂಡ ವರದಕ್ಷಿಣೆ ಒಂದು ಚರಕ, ಒಂದಿಷ್ಟು ಖಾದಿ ಬಟ್ಟೆ. ಆಮೇಲೆ ಗಂಡ ವರ್ಷಗಟ್ಟಲೆ ಜೈಲಿನಲ್ಲಿ. ಮನೆಖರ್ಚಿಗೆ ಲೋಕ ಸೇವಕ ಮಂಡಲದಿಂದ ತಿಂಗಳಿಗೆ 50 ರೂಪಾಯಿ ಬರುತ್ತಿತ್ತು. 40ರಲ್ಲೇ ಸಂಸಾರ ತೂಗಿಸಿ 10 ಉಳಿಸುತ್ತಿದ್ದೇನೆ ಅಂತ ಈಕೆ ಹೆಮ್ಮೆಯಿಂದ ತಿಳಿಸಿದರೆ, ಆ ಮಹಾರಾಯ ಹಾಗಾದರೆ 10 ರೂಪಾಯಿ ಕಡಿತ ಮಾಡಿ ಅಂತ ಮಂಡಲಕ್ಕೆ ಬರೆದರಂತೆ! ಉಳಿತಾಯ ಮಾಡಿದ್ದೇ ತಪ್ಪಾಯಿತು. ಇಂಥ ಗಂಡನ ಕೀರ್ತಿಯನ್ನು ಎಲ್ಲರೂ ಹಾಡುತ್ತಾರೆ; ಒಲೆಯ ಮುಂದೆ ಕೂತು ಲೆಕ್ಕ ಸರಿದೂಗಿಸಿದವಳನ್ನು ಕೇಳುವವರಿಲ್ಲ.

ಶಾಸ್ತ್ರಿಯವರು ರೈಲ್ವೆ ಮಂತ್ರಿಯಾದರು, ಗೃಹಮಂತ್ರಿಯಾದರು. 1963ರಲ್ಲಿ ಕಾಮರಾಜ್ ಯೋಜನೆಯಂತೆ ಕುರ್ಚಿ ಬಿಟ್ಟಾಗ ಮನೆಯಲ್ಲಿ ಒಂದೇ ಕೋಣೆಗೆ ದೀಪ, ಕಾಯಿಪಲ್ಲೆಗೂ ಕತ್ತರಿ ಬಿದ್ದಿತ್ತೆಂದು ಪತ್ರಕರ್ತ ಕುಲದೀಪ್ ನಯ್ಯರ್ ಬರೆದಿದ್ದಾರೆ.

1964ರ ಮೇ 22ರಂದು ಆಲಮಟ್ಟಿಗೆ ಬಂದು ಅಡಿಗಲ್ಲು ಹಾಕಿದರು. 18 ದಿನ ಕಳೆಯುವುದರೊಳಗೆ ಪ್ರಧಾನಿ. ಮನೆಯಲ್ಲಿ ಸ್ವಂತ ಕಾರಿಲ್ಲ, ಮಕ್ಕಳ ಒತ್ತಾಯ. ಫಿಯಟ್ ಬೆಲೆ 12 ಸಾವಿರ, ಕೈಯಲ್ಲಿದ್ದದ್ದು 7 ಸಾವಿರ. ದೇಶದ ಪ್ರಧಾನಿ ಪಂಜಾಬ್ ನ್ಯಾಷನಲ್ ಬ್ಯಾಂಕಿಗೆ ಅರ್ಜಿ ಹಾಕಿ 5 ಸಾವಿರ ಸಾಲ ತೆಗೆದರು. 1966ರ ಜನವರಿ 11ರಂದು ತಾಷ್ಕೆಂಟಿನಲ್ಲಿ ತೀರಿಕೊಂಡರು. ಸಾಲ ಹಾಗೇ ಉಳಿದಿತ್ತು.

ಅಂಗಡಿ ಇಟ್ಟವರಿಗೆ ಗೊತ್ತು, ಯಜಮಾನ ಹೋದ ಮನೆಯ ಉದ್ರಿ ವಸೂಲಾಗುವುದು ಎಷ್ಟು ಕಷ್ಟ ಅಂತ. ಕೇಳಲಿಕ್ಕೆ ನಮಗೇ ಬಾಯಿ ಬರುವುದಿಲ್ಲ. ಲಲಿತಮ್ಮ ಯಾರಿಂದಲೂ ಕೇಳಿಸಿಕೊಳ್ಳಲಿಲ್ಲ. ತಮಗೆ ಬರುವ ಪಿಂಚಣಿಯಲ್ಲೇ ಆ ಸಾಲ ತೀರಿಸಿದರು. ಮಂತ್ರಿಯ ಭಾವಮೈದುನನ ಕಾರಿಗೂ ದಾರಿ ಬಿಡಬೇಕಾದ ನಮ್ಮ ಜನ ಇದನ್ನು ಎರಡು ಸಲ ಓದಿಕೊಳ್ಳಲಿ.

ಆಕೆ ಬಾಯಿ ಬಿಟ್ಟು ಕೇಳಿದ್ದು ಬೇರೆಯದೇ. ಗಂಡನ ದೇಹ ನೀಲಿಗಟ್ಟಿದ್ದೇಕೆ? ಶವಪರೀಕ್ಷೆ ಯಾಕಾಗಲಿಲ್ಲ? 1993ರ ಏಪ್ರಿಲ್ 13ರಂದು 83ನೇ ವಯಸ್ಸಿನಲ್ಲಿ ಕಣ್ಮುಚ್ಚುವ ತನಕ ಮನಸ್ಸಿಗೆ ಒಪ್ಪುವ ಉತ್ತರ ಸಿಗಲಿಲ್ಲ. ಸಾಲಗಾರಳು ತನ್ನ ಬಾಕಿ ಚುಕ್ತಾ ಮಾಡಿದಳು, ಸರ್ಕಾರ ತನ್ನದನ್ನು ಮಾಡಲಿಲ್ಲ.

ಆ ಫಿಯಟ್ ದೆಹಲಿಯ ಶಾಸ್ತ್ರಿ ಸ್ಮಾರಕದಲ್ಲಿದೆ. ದೆಹಲಿ ನಮಗೆ ದೂರ, ಆಲಮಟ್ಟಿ ಹತ್ತಿರ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆತರುವ ಮಾಸ್ತರರು ಅಣೆಕಟ್ಟಿನ 26 ಗೇಟು ಎಣಿಸಿ ತೋರಿಸುತ್ತಾರಲ್ಲ, ಈ 5 ಸಾವಿರದ ಲೆಕ್ಕವನ್ನೂ ಅಲ್ಲೇ ನಿಂತು ಹೇಳಲಿ. ನೀರಾವರಿಯವರು ಮನಸ್ಸು ಮಾಡಿದರೆ ಲಲಿತಮ್ಮನ ಹೆಸರಲ್ಲಿ ಒಂದು ಫಲಕ ಹಾಕಿಸಬಹುದು. ಬಣ್ಣದ ಖರ್ಚು ನಮ್ಮ ಪೇಟೆಯ ವರ್ತಕರೇ ಕೊಟ್ಟಾರು.