ಮಾತಿಗೆ ಕೇಸು ಬಿದ್ದಾಗ ಪಕ್ಕದಲ್ಲಿ ಯಾರು?

ಹಂಪಿ ನೋಡಲು ಹೋದವರೆಲ್ಲ ತುಂಗಭದ್ರೆಯ ಆಚೆ ದಡದ ಆನೆಗೊಂದಿಯನ್ನೂ ಕಂಡಿರುತ್ತಾರೆ. 2020ರ ಜನವರಿ 9ರಂದು ಅಲ್ಲಿ ಆನೆಗೊಂದಿ ಉತ್ಸವದ ಕವಿಗೋಷ್ಠಿ ಇತ್ತು. ಕೊಪ್ಪಳದ ಕವಿ ಸಿರಾಜ್ ಬಿಸರಳ್ಳಿ ಪೌರತ್ವ ಕಾಯ್ದೆಯ ವಿಷಯವಾಗಿ ತಾವು ಬರೆದ ಕವಿತೆಯೊಂದನ್ನು ಓದಿದರು. ಅದರ ವಿಡಿಯೊ ಮೊಬೈಲಿಂದ ಮೊಬೈಲಿಗೆ ಹೋಯಿತು. ದೂರು ಬಂತು, ಕೇಸು ಬಿತ್ತು. ವಿಡಿಯೊ ಹಂಚಿದ ಪತ್ರಕರ್ತರ ಮೇಲೂ ಬಿತ್ತು. ಫೆಬ್ರವರಿಯಲ್ಲಿ ಇಬ್ಬರೂ ಗಂಗಾವತಿ ನ್ಯಾಯಾಲಯಕ್ಕೆ ಶರಣಾದರು. ಪೊಲೀಸ್ ಕಸ್ಟಡಿ ಆಯಿತು, ಆಮೇಲೆ ಜಾಮೀನು ಸಿಕ್ಕಿತು.

ಅದೇ ಜನವರಿಯಲ್ಲಿ ಬೀದರ್‌ನ ಶಾಹೀನ್ ಶಾಲೆಯ ಮಕ್ಕಳು ಆಡಿದ ಒಂದು ಸಣ್ಣ ನಾಟಕಕ್ಕೆ ದೇಶದ್ರೋಹದ ಕೇಸೇ ಬಿತ್ತು. ಮುಖ್ಯ ಶಿಕ್ಷಕಿಯೂ ಒಬ್ಬ ಮಗುವಿನ ತಾಯಿಯೂ ಸುಮಾರು ಎರಡು ವಾರ ಜೈಲಿನಲ್ಲಿದ್ದರು. ಪೊಲೀಸರು ಸಮವಸ್ತ್ರದಲ್ಲೇ ಶಾಲೆಗೆ ಬಂದು ಮಕ್ಕಳನ್ನು ವಿಚಾರಿಸಿದರು. 2023ರ ಜೂನ್‌ನಲ್ಲಿ ಹೈಕೋರ್ಟಿನ ಕಲಬುರಗಿ ಪೀಠ ಆ ದೇಶದ್ರೋಹದ ಕೇಸನ್ನು ರದ್ದು ಮಾಡಿತು. ನ್ಯಾಯ ಸಿಕ್ಕಿತು ನಿಜ. ಆದರೆ ಮೂರು ವರ್ಷಕ್ಕೂ ಹೆಚ್ಚು ಕಾಲ ಹೊತ್ತ ಆ ಭಾರವನ್ನು ಯಾವ ತೀರ್ಪು ವಾಪಸು ತಗೊಳ್ಳುತ್ತದೆ?

ಈ ಮಾತುಗಳೆಲ್ಲ ಮತ್ತೆ ನೆನಪಾದದ್ದು ಹೊಸಪೇಟೆಯಲ್ಲಿ, ಕಾನೂನು ನೆರವಿನ ವಕೀಲಿಕೆ ಮಾಡುವ ಮಿತ್ರರೊಬ್ಬರ ಜೊತೆ ಚಹಾ ಕುಡಿಯುತ್ತಾ ಕೂತಾಗ. ಫೀಸು ಕೊಡಲಾಗದ ಆರೋಪಿಗಳ ಪರವಾಗಿ ನಿಲ್ಲುವುದು ಅವರ ಕೆಲಸ. ಕೇಸು ಗೆಲ್ಲೋದು ಸೋಲೋದು ಆಮೇಲಿನ ಮಾತು, ಮೊದಲ 24 ಗಂಟೆ ಆ ಹುಡುಗನ ಪಕ್ಕದಲ್ಲಿ ಯಾರಿದ್ದರು ಅನ್ನೋದೇ ದೊಡ್ಡದು ಎಂಬುದು ಅವರ ಅನುಭವ. ಜನ ತಮ್ಮ ಹತ್ತಿರ ಬರುವುದು ಎಲ್ಲ ಮುಗಿದ ಮೇಲೆ ಎಂದು ಬೇಸರಪಟ್ಟರು. ಅಷ್ಟರಲ್ಲಿ ಓದದ ಕಾಗದಕ್ಕೆ ಸಹಿ ಬಿದ್ದಿರುತ್ತದೆ, ಮಧ್ಯವರ್ತಿಯ ಕೈಗೆ ಉಮ್ಮನ ಬಳೆಯ ದುಡ್ಡು ಹೋಗಿರುತ್ತದೆ.

ತಡ ಯಾಕೆ ಆಗುತ್ತದೆ? ನಮ್ಮಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಪುಕ್ಕಟೆ ವಕೀಲ ಅಂದರೆ ಸರಕಾರಿ ವಕೀಲ, ಸರಕಾರಿ ವಕೀಲ ಅಂದರೆ ಪೊಲೀಸರ ಕಡೆಯವರು ಅಂತ. ಇವೆರಡೂ ಬೇರೆ ಬೇರೆ. ಸರಕಾರದ ಪರ ವಾದಿಸುವವರು ಸರಕಾರಿ ಅಭಿಯೋಜಕರು. ಕಾನೂನು ನೆರವಿನ ವಕೀಲರು ನಿಲ್ಲುವುದು ಆರೋಪಿಯ ಪರ. ಸಂವಿಧಾನದ 22ನೇ ವಿಧಿ ಬಂಧಿತನಿಗೆ ತನ್ನ ಆಯ್ಕೆಯ ವಕೀಲನನ್ನು ಕಾಣುವ ಹಕ್ಕು ಕೊಟ್ಟಿದೆ. ಬಡವನಿಗೂ ನ್ಯಾಯ ಸಿಗುವಂತೆ ಉಚಿತ ನೆರವು ಕೊಡಬೇಕೆಂದು 39ಎ ವಿಧಿ ಹೇಳುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಬಂಧನದಲ್ಲಿರುವವರಿಗೂ ಮಹಿಳೆಯರಿಗೂ ಮಕ್ಕಳಿಗೂ ಆದಾಯ ನೋಡದೆ ಈ ನೆರವು ಸಿಗಬೇಕು. ಕೇಳಲಿಲ್ಲ ಎಂಬ ಕಾರಣಕ್ಕೆ ಅದನ್ನು ನಿರಾಕರಿಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 1986ರಲ್ಲೇ ಹೇಳಿದೆ. ಇದು ಯಾರೋ ಕೊಡುವ ಸದಕಾ ಅಲ್ಲ, ನಮ್ಮ ಹಕ್ಕು.

ಮಾತು ರಾಜಕೀಯಕ್ಕೂ ಹೊರಳಿತು. ಗಲಾಟೆ ಆದ ದಿನ ಎಲ್ಲ ಪಕ್ಷದವರೂ ಬರುತ್ತಾರೆ, ಕೇಸಿನ ಹತ್ತನೇ ತಾರೀಕಿಗೆ ಕೋರ್ಟಿನ ಜಗಲಿಯಲ್ಲಿ ಇರೋದು ಆರೋಪಿ, ಅವನ ತಾಯಿ ಮತ್ತು ನಾನು ಮಾತ್ರ ಎಂದು ಮಿತ್ರರು ನಕ್ಕರು. ನಮಗೆ ನಗು ಬರಲಿಲ್ಲ.

ಆಗ ನಾವು ಒಂದು ಪ್ರಶ್ನೆ ಕೇಳಿದೆವು. ನಮ್ಮ ದೀನನ್ನೇ ಹೀಯಾಳಿಸಿ ಪೋಸ್ಟ್ ಹಾಕಿದವನ ಪರವಾಗಿಯೂ ನೀವು ನಿಲ್ಲುತ್ತೀರಾ? ನಿಲ್ಲುತ್ತೇನೆ ಅಂದರು. ಅವನ ಮಾತು ತನಗೂ ನೋವು ಕೊಡುತ್ತದೆ, ಆದರೆ ಅವನಿಗೆ ವಕೀಲ ಬೇಡ ಎಂದು ಇವತ್ತು ನಾವು ಹೇಳಿದರೆ, ನಾಳೆ ಆನೆಗೊಂದಿಯ ಕವಿಗೂ ವಕೀಲ ಬೇಡ ಎಂದು ಇನ್ನೊಬ್ಬರು ಹೇಳುತ್ತಾರೆ ಎಂದರು.

ಈ ಮಾತು ನಮ್ಮನ್ನು ಕಾಡಿದೆ. ನಮ್ಮ ಕವಿತೆಗೆ ಕೇಸು ಹಾಕಿದರೆ ಅದು ಅನ್ಯಾಯ, ನಮ್ಮ ಮನಸ್ಸು ನೋಯಿಸಿದವನನ್ನು ಮಾತ್ರ ಈ ರಾತ್ರಿಯೇ ಹಿಡಿದು ತರಬೇಕು ಎಂಬ ಧೋರಣೆ ನಮ್ಮಲ್ಲೂ ಇದೆ. 2022ರ ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಆದದ್ದು ಏನು? ಒಬ್ಬ ಯುವಕನ ವಾಟ್ಸಾಪ್ ಸ್ಟೇಟಸ್ ನಮ್ಮ ಭಾವನೆಯನ್ನು ಕೆಣಕಿತು. ದೂರು ಕೊಟ್ಟಾಗಿತ್ತು, ಪೊಲೀಸರು ಅವನನ್ನು ಹಿಡಿದೂ ಆಗಿತ್ತು. ಆದರೂ ಠಾಣೆಯ ಮುಂದೆ ಗುಂಪು ಸೇರಿತು, ಕಲ್ಲು ಬಿತ್ತು. ನೂರಕ್ಕೂ ಹೆಚ್ಚು ಮಂದಿ ಬಂಧನವಾಯಿತು, ಯುಎಪಿಎಯಂಥ ಕಠಿಣ ಕಾಯ್ದೆಯನ್ನೂ ಹಾಕಲಾಯಿತು. ದುಡಿಯುವ ಮಕ್ಕಳು ತಿಂಗಳುಗಟ್ಟಲೆ ಜೈಲಿನಲ್ಲಿ ಕೊಳೆತರು. ಕಲ್ಲು ಎಸೆದವನಿಗೂ ಸುಮ್ಮನೆ ನಿಂತು ನೋಡಿದವನಿಗೂ ಒಂದೇ ಹಗ್ಗ.

ಮನೆ, ಮಸೀದಿ, ಮೊಹಲ್ಲಾಗಳ ಮೇಲೆ ದಾಳಿ ಮಾಡಿ ಎಂದು ಕರೆ ಕೊಡುವ ಮಾತು ಬೇರೆ. ಅದು ಅಭಿಪ್ರಾಯ ಅಲ್ಲ, ಅಪರಾಧ. ಅದಕ್ಕೆ ದೂರು ಕೊಡಲೇಬೇಕು. ಆದರೆ ಕೆಟ್ಟ ಮಾತೆಲ್ಲ ಅಪರಾಧ ಅಲ್ಲ. 2025ರ ಮಾರ್ಚ್ 28ರಂದು ಸುಪ್ರೀಂ ಕೋರ್ಟ್, ಸಂಸದ ಇಮ್ರಾನ್ ಪ್ರತಾಪ್‌ಗಢಿ ಅವರು ಹಂಚಿದ ಕವಿತೆಗೆ ಗುಜರಾತ್ ಪೊಲೀಸರು ಹಾಕಿದ್ದ ಎಫ್‌ಐಆರ್ ರದ್ದು ಮಾಡಿತು. ಎಲ್ಲದಕ್ಕೂ ಬೆದರುವ ದುರ್ಬಲ ಮನಸ್ಸನ್ನು ಅಳತೆಗೋಲು ಮಾಡಿಕೊಂಡು ಮಾತನ್ನು ತೂಗಬಾರದು, ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಇಂಥ ಆರೋಪಗಳಲ್ಲಿ ಮೊದಲು ಪ್ರಾಥಮಿಕ ವಿಚಾರಣೆ ನಡೆಸುವುದು ಸೂಕ್ತ ಎಂಬುದು ಆ ತೀರ್ಪಿನ ಸಾರ. ಈ ಅಳತೆ ನಮಗೂ ಅನ್ವಯ.

ಮಾತಿನ ಸ್ವಾತಂತ್ರ್ಯ ಧರ್ಮ-ರಾಜಕೀಯಕ್ಕೆ ಮಾತ್ರ ಸೇರಿದ್ದೂ ಅಲ್ಲ. ಸಂಡೂರಿನ ಗುಡ್ಡಗಳನ್ನು ಅಕ್ರಮವಾಗಿ ಅಗೆಯುತ್ತಿದ್ದಾರೆ ಎಂದು ದೊಡ್ಡವರ ಎದುರು ಬಾಯಿ ಬಿಟ್ಟವರು ಇಲ್ಲದಿದ್ದರೆ, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸುತ್ತಿರಲಿಲ್ಲ. ಕಂಪ್ಲಿಯ ಗದ್ದೆಗೆ ನೀರು ಬಂದಿಲ್ಲ ಎಂದು ಕೇಳುವ ರೈತನಿಗೂ ಬೇಕಾದದ್ದು ಇದೇ ಹಕ್ಕು.

ಹಾಗಾದರೆ ನಾವು ಮಾಡಬೇಕಾದ್ದೇನು? ಮನೆಯ ಹುಡುಗನನ್ನು ಠಾಣೆಗೆ ಕರೆದರೆ ಗಾಬರಿ ಬೇಡ. ಬಂಧಿಸಿದರೆ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದು ಕಾನೂನು. ಹಾಜರಾಗಲು ನೋಟಿಸು ಬಂದರೆ ಉದಾಸೀನ ಮಾಡಬೇಡಿ, ವಕೀಲರೊಂದಿಗೆ ಹೋಗಿ. ಓದದೆ ಸಹಿ ಹಾಕಬೇಡಿ. ಹೆದರಿ ಮೊಬೈಲಿನಲ್ಲಿದ್ದದ್ದನ್ನು ಅಳಿಸಬೇಡಿ, ಮೊದಲು ವಕೀಲರನ್ನು ಕೇಳಿ. ಹೊಸಪೇಟೆ, ಹಂಪಿ ಈಗ ವಿಜಯನಗರ ಜಿಲ್ಲೆ. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಇವೆ. ಎಲ್ಲಿಂದಲೇ ಆದರೂ ಕಾನೂನು ನೆರವಿಗೆ ಕರೆ ಮಾಡುವ ಸಂಖ್ಯೆ ಒಂದೇ: 15100. ಅದನ್ನು ಮಸೀದಿಯ ನೋಟಿಸ್ ಬೋರ್ಡಿನಲ್ಲೂ ಅಂಗಡಿಯ ಗಲ್ಲದ ಮೇಲೂ ಬರೆದಿಡಿ.

ಜಮಾಅತಿನವರಲ್ಲಿ ಒಂದು ಅರಿಕೆ. ವರ್ಷಕ್ಕೊಂದು ಸನ್ಮಾನ ಸಮಾರಂಭ ಕಡಿಮೆ ಮಾಡಿ, ಈ ವಕೀಲರನ್ನು ಕರೆಸಿ ನಮ್ಮ ಹುಡುಗ ಹುಡುಗಿಯರಿಗೆ ಒಂದು ಸಂಜೆ ಪಾಠ ಮಾಡಿಸಿ. ಕರಾವಳಿ ಬಿಟ್ಟು ಬಂದು ಈ ಊರುಗಳಲ್ಲಿ ಅಂಗಡಿ ಇಟ್ಟ ನಮ್ಮವರಿಗೆ ಕಷ್ಟಕಾಲದಲ್ಲಿ ಓಡಿಬರುವ ಬಂಧುಗಳು ದೂರದಲ್ಲಿದ್ದಾರೆ. ವಕೀಲರ ಕಚೇರಿ ಮಾತ್ರ ತಾಲ್ಲೂಕು ಕೋರ್ಟಿನ ಆವರಣದಲ್ಲೇ ಇದೆ. ಅದರ ಬಾಗಿಲು ನಮಗೂ ತೆರೆದಿರಲಿ, ನಮಗೆ ಹಿಡಿಸದ ಮಾತಾಡಿದವನಿಗೂ ತೆರೆದಿರಲಿ.