ಕಸ ಆಯುವುದೂ ಕಾಯಕವೇ

ಬಳಸಿ ಬಿಸಾಡಿದ್ದನ್ನೇ ಮತ್ತೆ ಸರಕಾಗಿಸುವುದಕ್ಕೆ ಈಗ ‘ವರ್ತುಲ ಆರ್ಥಿಕತೆ’ ಎನ್ನುತ್ತಾರೆ. ಕಾನ್ಪುರದ ‘ಫೂಲ್’ ಎಂಬ ನವೋದ್ಯಮ ದೇವಸ್ಥಾನಗಳಲ್ಲಿ ಬಾಡಿದ ಹೂವಿನಿಂದ ಊದಿನಕಡ್ಡಿ ಮಾಡುತ್ತಿದೆ. ಬೆಂಗಳೂರಿನ ‘ಡೈಲಿ ಡಂಪ್’ 2006ರಿಂದ ಮನೆಯಲ್ಲೇ ಗೊಬ್ಬರ ಮಾಡುವ ಮಣ್ಣಿನ ಕುಂಡಗಳನ್ನು ಕೊಡುತ್ತಿದೆ. ಚಿಂದಿ ಆಯುವವರ ಸಂಘಟನೆಯಾದ ‘ಹಸಿರು ದಳ’ದ ಪ್ರಯತ್ನದಿಂದ ಆ ಶ್ರಮಿಕರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿದೆ, ಒಣಕಸ ಕೇಂದ್ರಗಳ ಹೊಣೆಯೂ ಬಂದಿದೆ.

ಇವೆಲ್ಲ ಸ್ವಾಗತಾರ್ಹ. ಆದರೆ ಎಂಜಿನಿಯರಾಗಿ ದುಡಿದವನು ಹೇಳಲೇಬೇಕಾದ ಮಾತೊಂದಿದೆ: ಒಮ್ಮೆ ಬೆರೆತ ಕಸವನ್ನು ಯಾವ ಯಂತ್ರವೂ ಅಗ್ಗವಾಗಿ ಬಿಡಿಸಲಾರದು. ಸಾರು ಸುರಿದ ಕಾಗದ ಮರುಬಳಕೆಗೆ ಬಾರದು. ಪ್ಲಾಸ್ಟಿಕ್ ಚೂರು ಸೇರಿದ ಗೊಬ್ಬರ ಹೊಲಕ್ಕೆ ಬೇಡವಾಗುತ್ತದೆ. ನಾವು ಬೆರೆಸಿದ್ದನ್ನು ಕೊನೆಗೆ ಬಿಡಿಸುವುದು ಬಡವರ ಬರಿಗೈ. ಅವರಲ್ಲಿ ದಲಿತ ಹೆಣ್ಣುಮಕ್ಕಳೇ ಹೆಚ್ಚು.

ಕಾಯಕದಲ್ಲಿ ಮೇಲುಕೀಳಿಲ್ಲ ಎಂದು ವೇದಿಕೆಯ ಮೇಲೆ ಹೇಳಿ, ದಾಸೋಹದ ಎಲೆ, ಲೋಟ, ಮಿಕ್ಕ ಅನ್ನವನ್ನೆಲ್ಲ ಒಂದೇ ಗುಂಡಿಗೆ ಸುರಿದರೆ ಆ ಮಾತಿಗೆ ಬೆಲೆಯೇನು? ಹಸಿಕಸ, ಒಣಕಸ, ಅಪಾಯಕಾರಿ ಕಸವನ್ನು ಮೂಲದಲ್ಲೇ ಬೇರ್ಪಡಿಸಬೇಕೆಂದು ಸರ್ಕಾರ 2016ರಲ್ಲೇ ನಿಯಮ ಮಾಡಿತು. ನಿಯಮಕ್ಕೆ ಹೆದರಿ ಅಲ್ಲ, ನುಡಿದಂತೆ ನಡೆಯಲು ನಾವಿದನ್ನು ಮಾಡಬೇಕು.

ಮುಂದಿನ ಜಾತ್ರೆಯಿಂದಲೇ ಪ್ರತಿ ಮಠ ಎರಡು ಕೆಲಸ ಹಿಡಿಯಲಿ. ಊಟ ಮುಗಿಸಿ ಏಳುವ ಜಾಗದಲ್ಲೇ ಬೇರೆಬೇರೆ ಡಬ್ಬಿಗಳನ್ನಿಟ್ಟು, ಭಕ್ತರೇ ಕಸ ಬೇರ್ಪಡಿಸಿ ಹಾಕುವಂತೆ ಮಾಡಲಿ. ಅದನ್ನು ಒಯ್ಯುವ ಉದ್ಯಮದವರನ್ನು, ‘ನಿಮ್ಮಲ್ಲಿ ಆಯುವವರಿಗೆ ನ್ಯಾಯವಾದ ಕೂಲಿ, ಕೈಗವಸು ಕೊಡುತ್ತೀರಾ?’ ಎಂದು ಕೇಳಲಿ. ಆಗ ನಮ್ಮ ದಾಸೋಹ ಉಂಡವರಿಗಷ್ಟೇ ಅಲ್ಲ, ಎಂಜಲೆಲೆ ಎತ್ತಿದವರಿಗೂ ಸಲ್ಲುತ್ತದೆ.